ಫ್ರಿಜ್ಜು, ಗ್ರೈಂಡರು, ಭಟ್ಟಿ ಒಲೆ: ಹಾಸನ–ಚಿಕ್ಕಮಗಳೂರಿಗೆ ಯಾವ ಗಾಡಿಯಲ್ಲಿ ತರಿಸುವುದು?

ಭಾರದ ಅಡುಗೆಮನೆ ಸಾಮಾನನ್ನು ದೂರದೂರಿನಿಂದ ತರಿಸುವವರು ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ನಾನು ಮೊದಲು ಕೇಳುವುದು ಬೇರೆ. ಅಂಗಡಿಯಿಂದ ಹೊರಟು ನಿಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂರುವಷ್ಟರಲ್ಲಿ ಆ ಸಾಮಾನನ್ನು ಎಷ್ಟು ಸಲ ಎತ್ತಿ ಇಳಿಸುತ್ತಾರೆ? ಹಾಸನ, ಬೇಲೂರು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಸುತ್ತಿನ ಹೋಂಸ್ಟೇ, ಹೋಟೆಲ್, ಕಲ್ಯಾಣ ಮಂಟಪಗಳ ಅಡುಗೆಮನೆಗೆ ಸಾಮಾನು ಹೊಂದಿಸಿಕೊಡುವುದು ನನ್ನ ಕಸುಬು. ಸೊಟ್ಟಗಾದ ಫ್ರಿಜ್ ಬಾಗಿಲು, ಬಿರುಕು ಬಿಟ್ಟ ಗ್ರೈಂಡರ್ ಕಲ್ಲು, ಕಾಲು ಮುರಿದ ಭಟ್ಟಿ ಒಲೆ ಕಂಡಾಗಲೆಲ್ಲ ಬಂದ ದಾರಿ ಹಿಡಿದು ವಿಚಾರಿಸಿದರೆ, ಹೆದ್ದಾರಿಯಲ್ಲಿ ಓಡುವಾಗ ಪೆಟ್ಟು ಬಿದ್ದದ್ದು ಅಪರೂಪ. ಗೋಡೌನಿನ ಕಟ್ಟೆಯಿಂದ ಲಾರಿಗೆ, ಲಾರಿಯಿಂದ ನೆಲಕ್ಕೆ, ನೆಲದಿಂದ ಆಟೋಗೆ ಕೈ ಬದಲಾಗುವಾಗಲೇ ಬಿದ್ದಿರುತ್ತದೆ.

ಬೆಂಗಳೂರಿನಿಂದ ಹಾಸನಕ್ಕೆ ಪಾರ್ಸೆಲ್ ಲಾರಿಯಲ್ಲಿ ಬರುವ ಫ್ರಿಜ್ಜಿನ ದಾರಿಯನ್ನೇ ನೋಡಿ. ಅಂಗಡಿಯಲ್ಲಿ ಟೆಂಪೋಗೆ ಹತ್ತಿಸಿದರು, ಪಾರ್ಸೆಲ್ ಆಫೀಸಿನಲ್ಲಿ ಇಳಿಸಿದರು. ಅಲ್ಲಿ ಲಾರಿಗೆ ಹತ್ತಿಸಿದರು, ಹಾಸನದ ಗೋಡೌನಿನಲ್ಲಿ ಇಳಿಸಿದರು. ಅಲ್ಲಿಂದ ಗೂಡ್ಸ್ ಆಟೋಗೆ, ಆಟೋದಿಂದ ನಿಮ್ಮ ಬಾಗಿಲಿಗೆ. ಆರು ಸಲ. ಚಿಕ್ಕಮಗಳೂರಿಗೆ ಹೋಗಬೇಕಾದ ಮಾಲನ್ನು ಹಾಸನದಲ್ಲಿ ಬೇರೆ ಲಾರಿಗೆ ವರ್ಗಾಯಿಸಿದರೆ ಎಂಟು. ಅದೇ ಅಂಗಡಿಯ ಮುಂದೆ ನೀವೇ ಒಂದು ಪಿಕಪ್ ನಿಲ್ಲಿಸಿ ತುಂಬಿಸಿಕೊಂಡರೆ ಎರಡೇ ಸಲ. ಇವೆರಡರ ಬಾಡಿಗೆಯನ್ನು ಬರೀ ರೂಪಾಯಿ ಲೆಕ್ಕದಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಲೆಕ್ಕ ಮಾತ್ರ ನೋಡಿದಂತೆ.

ತೂಕದ ದುಡ್ಡೋ, ಜಾಗದ ದುಡ್ಡೋ?

ಪಾರ್ಸೆಲ್‌ನವರು ಎರಡು ತೂಕ ಲೆಕ್ಕ ಹಾಕುತ್ತಾರೆ. ಒಂದು ತಕ್ಕಡಿಯದು, ಇನ್ನೊಂದು ಅಳತೆಯದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಒಂದು ಸಂಖ್ಯೆಯಿಂದ ಭಾಗಿಸುತ್ತಾರೆ. ಆ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ, 5000 ಅಂತ ಇಟ್ಟುಕೊಳ್ಳೋಣ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಪ್ಯಾಕಿಂಗ್ ಸೇರಿ 75 × 75 × 175 ಅಳತೆಯ ಡಬಲ್ ಡೋರ್ ಫ್ರಿಜ್ ಈ ಲೆಕ್ಕದಲ್ಲಿ ಸುಮಾರು 197 ಕೆ.ಜಿ. ಆಗುತ್ತದೆ. ತಕ್ಕಡಿಯಲ್ಲಿ ಅದು 60 ಕೆ.ಜಿ. ಆಸುಪಾಸು. ಅಂದರೆ ಫ್ರಿಜ್ಜಿನ ಹೊಟ್ಟೆಯೊಳಗಿನ ಗಾಳಿಗೂ ನೀವು ಬಾಡಿಗೆ ಕೊಡುತ್ತೀರಿ.

ಕಲ್ಲಿನ ಸಾಮಾನಿನದು ಇದಕ್ಕೆ ಪೂರ್ತಿ ಉಲ್ಟಾ. ಹಳೇ ಮನೆಯ ಒರಳುಕಲ್ಲನ್ನು ಈಗ ಹೋಂಸ್ಟೇ ಅಂಗಳಕ್ಕೆ, ಬೆಂಗಳೂರಿನ ಮಕ್ಕಳ ಮನೆಗೆ ಸಾಗಿಸುವವರು ಬಹಳ ಜನ. ನನಗೆ ಅದು ಖುಷಿಯ ವಿಷಯ. ತೋಟದ ಬದಿಯಲ್ಲಿ ಪಾಚಿ ಕಟ್ಟಿ ಬಿದ್ದಿರುವುದಕ್ಕಿಂತ ಯಾರಾದರೂ ಚಟ್ನಿ ರುಬ್ಬಲಿ. 45 × 45 × 35 ಅಳತೆಯ ಒರಳು ಅಳತೆ ಲೆಕ್ಕದಲ್ಲಿ 14 ಕೆ.ಜಿ.ಯಷ್ಟೇ, ಆದರೆ ತಕ್ಕಡಿಗೆ ಇಟ್ಟರೆ ನೂರರ ಹತ್ತಿರಕ್ಕೆ ಹೋಗುತ್ತದೆ. ಡ್ರಮ್ ಬಗ್ಗಿಸಿ ಹಿಟ್ಟು ತೆಗೆಯುವ ಟಿಲ್ಟಿಂಗ್ ಗ್ರೈಂಡರ್ ಕೂಡ ಹೆಚ್ಚುಕಡಿಮೆ ಇದೇ ಗುಂಪಿನದು. ಹಾಗಾಗಿ ಪಾರ್ಸೆಲ್ ಲಾರಿ ಕಲ್ಲಿನ, ಎರಕದ, ಗಟ್ಟಿ ಸಾಮಾನಿಗೆ ಅಗ್ಗ. ಫ್ರಿಜ್, ಡೀಪ್ ಫ್ರೀಜರ್, ಚಿಮಣಿ, ಓವನ್ ಥರದ ದೊಡ್ಡ ಡಬ್ಬಿಗಳಿಗೆ ಅಷ್ಟೇನೂ ಅಗ್ಗವಲ್ಲ. ರೇಟು ಕೇಳುವಾಗ ‘ಫ್ರಿಜ್ಜಿಗೆ ಎಷ್ಟು’ ಅನ್ನಬೇಡಿ. ಪ್ಯಾಕ್ ಆದ ಮೇಲಿನ ಮೂರು ಅಳತೆ, ತೂಕ ಎರಡನ್ನೂ ಹೇಳಿ ಕೇಳಿ. ಆಮೇಲೆ ಬಿಲ್ ನೋಡಿ ಜಗಳ ಆಡುವುದು ತಪ್ಪುತ್ತದೆ.

ಪಾರ್ಸೆಲ್ ಲಾರಿ

ಹಾಸನದ ಬಿ.ಎಂ. ರಸ್ತೆಯ ಉದ್ದಕ್ಕೂ ಲಾರಿ, ಕ್ಯಾಂಟರ್‌ಗಳ ಓಡಾಟ ನಿಲ್ಲುವುದಿಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿ 75ರ ಮೇಲಿನ ಊರು ಇದು. ಬೆಂಗಳೂರಿಗೆ ಹಾಸನ 185 ಕಿ.ಮೀ. ಆಸುಪಾಸು, ಚಿಕ್ಕಮಗಳೂರು 245ರ ಆಸುಪಾಸು. ಬೆಂಗಳೂರಿನಿಂದ ಸಂಜೆ ಹೊರಟ ಮಾಲು ಬೆಳಿಗ್ಗೆ ಹಾಸನದಲ್ಲಿ ಇಳಿಯುವುದು ಸಾಮಾನ್ಯ. ಚಿಕ್ಕಮಗಳೂರಿಗೆ ನೇರ ಲಾರಿ ಇದೆಯೋ, ಮಧ್ಯೆ ಮಾಲು ಬದಲಾಗುತ್ತದೋ ಅಂತ ಬುಕಿಂಗ್ ಗುಮಾಸ್ತರನ್ನು ಬಾಯಿಬಿಟ್ಟು ಕೇಳಿ. ‘ನೇರ ಲಾರಿ’ ಅಂದವರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬಾಡಿಗೆ ಅಂತ ಹೇಳಿದ ಮೊತ್ತ ಕೊನೆಯ ಮೊತ್ತ ಆಗಿರುವುದಿಲ್ಲ. ಎಲ್‌ಆರ್ (ಲಾರಿ ರಸೀದಿ) ಚಾರ್ಜು, ಎರಡೂ ಕಡೆಯ ಹಮಾಲಿ, ಡೋರ್ ಡೆಲಿವರಿ ಬೇಕಾದರೆ ಅದಕ್ಕೆ ಬೇರೆ, ಗೋಡೌನಿನಲ್ಲಿ ಹೆಚ್ಚು ದಿನ ಬಿಟ್ಟರೆ ಡೆಮರೇಜು. ‘ಟು ಪೇ’ ಅಂತ ಕಳಿಸಿದರೆ ಇಳಿಸಿಕೊಳ್ಳುವವರು ಕೊಡಬೇಕು. ನನ್ನ ಮಾತು ಕೇಳುವುದಾದರೆ ಒಡೆಯುವಂಥ ಸಾಮಾನನ್ನು ‘ಟು ಪೇ’ಯಲ್ಲೇ ತರಿಸಿ. ದುಡ್ಡು ಇನ್ನೂ ನಿಮ್ಮ ಜೇಬಿನಲ್ಲಿದ್ದಾಗ ಗೋಡೌನಿನವರು ನಿಮ್ಮ ಮಾತು ಕೇಳುವ ರೀತಿಯೇ ಬೇರೆ.

ಈಗ ಎಲ್‌ಆರ್ ಚೀಟಿಯ ವಿಷಯ. ಅದರ ಮೂಲೆಯಲ್ಲಿ ‘ಓನರ್ಸ್ ರಿಸ್ಕ್’, ಅಂದರೆ ಒಡೆದರೆ ಮಾಲಿನವರದೇ ಹೊಣೆ, ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಬಹಳ ಮಂದಿ ಓದುವುದೇ ಇಲ್ಲ. 2007ರ ರಸ್ತೆ ಸಾರಿಗೆ ಸಾಗಣೆ ಕಾಯ್ದೆ 2011ರ ಮಾರ್ಚಿನಿಂದ ಜಾರಿಯಲ್ಲಿದೆ. 1865ರಷ್ಟು ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು ಇದು. ಬುಕ್ ಮಾಡುವಾಗ ಹೆಚ್ಚಿನ ಮೌಲ್ಯ ಘೋಷಿಸಿ, ಅದಕ್ಕೆ ಹೆಚ್ಚುವರಿ ಶುಲ್ಕ ಕಟ್ಟದೆ ಇದ್ದರೆ, ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ ಅಂತ ಇದರ ನಿಯಮ ಹೇಳುತ್ತದೆ. ಬಾಡಿಗೆ 900 ರೂಪಾಯಿ ಅಂದುಕೊಳ್ಳಿ. ಫ್ರಿಜ್ ಪೂರ್ತಿ ಹಾಳಾದರೂ ಸಿಗುವುದು ಹೆಚ್ಚೆಂದರೆ 9,000. ಫ್ರಿಜ್ಜಿನ ಬೆಲೆ 35,000 ಇದ್ದರೆ ಉಳಿದದ್ದು ನಿಮ್ಮ ತಲೆಗೆ. ಬಾಡಿಗೆ ಎಷ್ಟು ಅಗ್ಗವೋ ಹೊಣೆಯೂ ಅಷ್ಟೇ ಅಗ್ಗ ಅಂತಾಯಿತು. ಆದ್ದರಿಂದ ಬಿಲ್ ಮೊತ್ತವನ್ನು ಎಲ್‌ಆರ್‌ನಲ್ಲಿ ಬರೆಸಿ. ಮೌಲ್ಯ ಹೆಚ್ಚಿದ್ದರೆ ಅದಕ್ಕೆ ತಕ್ಕ ಶುಲ್ಕ ಕಟ್ಟಿ, ಇಲ್ಲವೆ ಟ್ರಾನ್ಸಿಟ್ ಇನ್ಶೂರೆನ್ಸ್ ಮಾಡಿಸಿ. ಇನ್ಶೂರೆನ್ಸ್ ಮಾಡಿಸುವಾಗಲೂ ಯಾವ ಕ್ಲಾಸು ಅಂತ ಕೇಳಿ. ಐಟಿಸಿ (ಇನ್‌ಲ್ಯಾಂಡ್ ಟ್ರಾನ್ಸಿಟ್ ಕ್ಲಾಸ್) ‘ಎ’ ಅಂದರೆ ಎತ್ತಿಳಿಸುವಾಗ ಬಿದ್ದು ಒಡೆದದ್ದಕ್ಕೂ ಅನ್ವಯಿಸುವ ವಿಶಾಲ ರಕ್ಷಣೆ. ‘ಬಿ’ ಅಂದರೆ ಬೆಂಕಿ, ಡಿಕ್ಕಿ, ಗಾಡಿ ಪಲ್ಟಿ ಇಂಥವಕ್ಕೆ ಮಾತ್ರ. ಹಮಾಲರ ಕೈಜಾರಿ ಬಿದ್ದ ಫ್ರಿಜ್ಜಿಗೆ ‘ಬಿ’ಯಿಂದ ಏನೂ ಬರುವುದಿಲ್ಲ. ನಮ್ಮ ಸಾಮಾನಿಗೆ ಆಗುವುದು ಬಹುಪಾಲು ಅದೇ.

ಇಡೀ ಗಾಡಿ

ನಾಲ್ಕು ಸಾಮಾನು ಒಟ್ಟಿಗೆ ತರುವುದಾದರೆ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ, ಇಡೀ ಗಾಡಿ ಮಾಡಿಬಿಡಿ ಅನ್ನುತ್ತೇನೆ. ಹೋಂಸ್ಟೇ ಶುರು ಮಾಡುವವರಿಗೆ ಒಂದು ಫ್ರಿಜ್, ಒಂದು ಡೀಪ್ ಫ್ರೀಜರ್, ಮೂರು ಬರ್ನರಿನ ಭಟ್ಟಿ ಒಲೆ, ಸ್ಟೀಲ್ ಸಿಂಕು ಮೇಜು ಬೇಕೇ ಬೇಕು. ಇವನ್ನು ಬಿಡಿಬಿಡಿಯಾಗಿ ಪಾರ್ಸೆಲ್ ಹಾಕಿದರೆ ಬಾಡಿಗೆ ಕೂಡಿ ಪಿಕಪ್ಪಿನ ಬಾಡಿಗೆಯ ಹತ್ತಿರಕ್ಕೇ ಬರುತ್ತದೆ, ಎತ್ತಿಳಿಸುವುದು ಮಾತ್ರ ಮೂರು ಪಟ್ಟು.

ಟಾಟಾ ಏಸ್‌ಗೆ ಮಾದರಿಯ ಮೇಲೆ ಹೆಚ್ಚುಕಡಿಮೆ 750 ಕೆ.ಜಿ. ಹೊರುವ ಶಕ್ತಿ, ಹಿಂದಿನ ಡೆಕ್ ಏಳಡಿ ಉದ್ದ. ಒಂದು ಫ್ರಿಜ್, ಒಂದು ಒಲೆ, ಒಂದು ಗ್ರೈಂಡರ್ ಆರಾಮಾಗಿ ಹಿಡಿಸುತ್ತದೆ. ಆದರೆ ಗಾಡಿ ಸಣ್ಣದು, ನಿಂತ ಫ್ರಿಜ್ ಎತ್ತರ. ಘಾಟಿ ತಿರುವಿನಲ್ಲಿ ಓಲಾಡುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಗೆ ಹೋಗಬೇಕಾದರೆ ಬೊಲೆರೊ ಪಿಕಪ್ ಹೇಳಿ. ಅದು ಟನ್ನಿಗಿಂತ ಹೆಚ್ಚು ಹೊರುತ್ತದೆ, ಮಣ್ಣುರಸ್ತೆಗೂ ಹೆದರುವುದಿಲ್ಲ. ಕಲ್ಯಾಣ ಮಂಟಪದ ಪೂರ್ತಿ ಅಡುಗೆಮನೆ, ಸ್ಟೀಮ್ ಬಾಯ್ಲರ್, ದೊಡ್ಡ ಗ್ರೈಂಡರ್ ಎಲ್ಲ ಒಟ್ಟಿಗೆ ಅಂದರೆ ಟಾಟಾ 407 ಲಾರಿ ಇಲ್ಲವೆ ಕ್ಯಾಂಟರ್. ಓಪನ್ ಗಾಡಿಗಿಂತ ಮುಚ್ಚಿದ ಬಾಡಿಯ ಗಾಡಿ ಸಿಕ್ಕಿದರೆ ಮಳೆಗಾಲದಲ್ಲಿ ಕಣ್ಣುಮುಚ್ಚಿ ಅದನ್ನೇ ಹಿಡಿಯಿರಿ.

ಬಾಡಿಗೆ ಇಳಿಸಲು ಒಂದು ದಾರಿ ಇದೆ. ಹಾಸನದ ಕಡೆಯಿಂದ ಆಲೂಗಡ್ಡೆ, ಶುಂಠಿ, ತರಕಾರಿ ಹೊತ್ತು ಬೆಂಗಳೂರಿಗೆ ಹೋದ ಗಾಡಿಗಳು ವಾಪಸ್ ಬರುವಾಗ ಖಾಲಿ ಬರುತ್ತವೆ. ರಿಟರ್ನ್ ಲೋಡ್ ಸಿಕ್ಕರೆ ಡ್ರೈವರಿಗೂ ಲಾಭ, ನಿಮಗೂ ಅಗ್ಗ. ಎರಡು ಷರತ್ತು ಹಾಕಿ. ಡೆಕ್ ತೊಳೆದು ಒಣಗಿಸಿರಬೇಕು, ಇಲ್ಲವಾದರೆ ಕೊಳೆತ ತರಕಾರಿಯ ನೀರು ರಟ್ಟಿನ ಪೆಟ್ಟಿಗೆಯನ್ನು ಕೆಳಗಿನಿಂದ ಮೆತ್ತಗೆ ಮಾಡುತ್ತದೆ. ಎರಡನೆಯದು, ದಾರಿಯಲ್ಲಿ ಬೇರೆ ಲೋಡ್ ಸೇರಿಸಬಾರದು. ‘ಒಂದೆರಡು ಗೊಬ್ಬರದ ಚೀಲ ಅಷ್ಟೇ ಸಾರ್’ ಅಂದರೆ ಒಪ್ಪಬೇಡಿ. ಆ ಚೀಲ ಫ್ರಿಜ್ಜಿಗೆ ಒರಗಿಕೊಂಡೇ ಬರುತ್ತದೆ.

ತುಂಬುವಾಗ ನೀವೋ ನಿಮ್ಮ ಕಡೆಯವರೋ ನಿಂತಿರಿ. ಭಾರದ್ದು ಕೆಳಗೆ, ಕ್ಯಾಬಿನ್ನಿಗೆ ತಾಗಿ. ಗ್ರೈಂಡರ್ ಹಿಂದೆ ಇಟ್ಟು ಫ್ರಿಜ್ ಮುಂದೆ ಇಟ್ಟರೆ ಬ್ರೇಕ್ ಹಾಕಿದಾಗ ಗ್ರೈಂಡರ್ ಬಂದು ಫ್ರಿಜ್ಜಿಗೆ ಗುದ್ದುತ್ತದೆ. ಫ್ರಿಜ್ಜನ್ನೂ ಗ್ರೈಂಡರಿನ ಪಕ್ಕದಲ್ಲೇ ಕ್ಯಾಬಿನ್ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಮಧ್ಯೆ ಹಳೇ ಹಾಸಿಗೆ ಹಾಕಿ, ಹಗ್ಗವನ್ನು ನಡು ಮಟ್ಟದಲ್ಲೂ ಭುಜದ ಮಟ್ಟದಲ್ಲೂ ಎರಡು ಸುತ್ತು ಬಿಗಿಯಿರಿ. ಹಗ್ಗ ಬಾಗಿಲಿನ ಅಂಚಿಗೆ ತಾಗುವ ಕಡೆ ದಪ್ಪ ರಟ್ಟು ಮಡಚಿ ಇಡಿ. ತಗಡಿನ ಮೇಲೆ ಹಗ್ಗ ಒತ್ತಿದ ಗೆರೆ ಕೂತರೆ ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಬಸ್ಸು, ರೈಲು

ಕೆಎಸ್ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಶುರು ಮಾಡಿತು, 2023ರ ಕೊನೆಗೆ ಅದಕ್ಕಾಗಿಯೇ ಲಾರಿಗಳನ್ನೂ ರಸ್ತೆಗಿಳಿಸಿತು. ಮಿಕ್ಸಿ, ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್, ಇಂಡಕ್ಷನ್ ಒಲೆ, ಕುಕ್ಕರ್ ಪೆಟ್ಟಿಗೆ, ಬಿಡಿಭಾಗ ಇವಕ್ಕೆ ಬಸ್ಸಿನಷ್ಟು ಸಲೀಸು ಬೇರೆ ಇಲ್ಲ. ಬೆಳಿಗ್ಗೆ ಹಾಕಿದ್ದು ಸಂಜೆಯೊಳಗೆ ಕೈಸೇರುತ್ತದೆ. ಫ್ರಿಜ್ಜಿಗೆ ಮಾತ್ರ ಬಸ್ ಬೇಡ, ಖಾಸಗಿ ಬಸ್ಸಾದರೂ ಅಷ್ಟೇ. ಡಿಕ್ಕಿಯಲ್ಲಿ ನಿಲ್ಲಿಸುವಷ್ಟು ಎತ್ತರ ಇರುವುದಿಲ್ಲ, ಮಲಗಿಸಿಯೇ ತರುತ್ತಾರೆ.

ಮಲಗಿಸಿದರೆ ಏನಾಗುತ್ತದೆ ಅಂತ ಕೇಳುವವರಿಗೆ: ಕಂಪ್ರೆಸರಿನ ತಳದಲ್ಲಿ ಎಣ್ಣೆ ಇರುತ್ತದೆ. ಅಡ್ಡ ಮಲಗಿದಾಗ ಆ ಎಣ್ಣೆ ಗ್ಯಾಸಿನ ಪೈಪಿಗೆ ಹರಿದು ಹೋಗುತ್ತದೆ. ಹಾಗೇ ಕರೆಂಟು ಕೊಟ್ಟರೆ ಕಂಪ್ರೆಸರ್ ಎಣ್ಣೆಯಿಲ್ಲದೆ ಓಡುತ್ತದೆ, ಇಲ್ಲವೆ ಪೈಪಿನಲ್ಲಿ ಎಣ್ಣೆ ಕಟ್ಟಿಕೊಂಡು ತಂಪೇ ಆಗುವುದಿಲ್ಲ. ಇನ್ನೊಂದು, ಕಂಪ್ರೆಸರ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುವುದು ನೇರ ನಿಂತಾಗಿನ ಭಾರ ತಡೆಯಲು. ಅಡ್ಡ ಮಲಗಿ ಕುಲುಕಿದರೆ ಅಲ್ಲೇ ಪೈಪಿನ ಬೆಸುಗೆ ಸೀಳುವುದುಂಟು. ಈಗಿನ ಮನೆಬಳಕೆ ಫ್ರಿಜ್ಜುಗಳಲ್ಲಿ ಹೆಚ್ಚಿನವು ಆರ್600ಎ ಗ್ಯಾಸಿನವು. ಅದು ಹೊತ್ತಿ ಉರಿಯುವ ಗ್ಯಾಸ್, ಇರುವುದು ಸ್ವಲ್ಪವೇ ಆದರೂ ಸೋರಿದರೆ ರಿಪೇರಿ ಬಲ್ಲವರೇ ಮುಟ್ಟಬೇಕು.

ರೈಲು ಪಾರ್ಸೆಲ್ ಬಗ್ಗೆ ಸ್ವಲ್ಪವೇ ಹೇಳಿ ಮುಂದೆ ಹೋಗುತ್ತೇನೆ. ಶ್ರವಣಬೆಳಗೊಳದ ಮೇಲಿನ ಬೆಂಗಳೂರು–ಹಾಸನ ಮಾರ್ಗ 2017ರಲ್ಲಿ ತೆರೆದುಕೊಂಡಿತು. ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಬಂದದ್ದು 2013ರಲ್ಲಿ. ಆದರೂ ಬೆಂಗಳೂರಿನಿಂದ ಬರುವ ಒಂದೆರಡು ಸಾಮಾನಿಗೆ ರೈಲು ಹೊಂದುವುದಿಲ್ಲ. ಸ್ಟೇಷನ್ನಿಗೆ ಒಯ್ಯುವುದು, ಪ್ಲಾಟ್‌ಫಾರ್ಮ್ ಗಾಡಿ, ಪಾರ್ಸೆಲ್ ಬೋಗಿ, ಮತ್ತೆ ಇಳಿಸುವುದು, ಮತ್ತೆ ಆಟೋ. ರೈಲು ನಿಲ್ಲುವ ಹೊತ್ತೂ ಕಡಿಮೆ, ಅವಸರದಲ್ಲಿ ಎಳೆದು ಹಾಕುತ್ತಾರೆ. ಮೌಲ್ಯ ಘೋಷಿಸದ ಪಾರ್ಸೆಲ್‌ಗೆ ರೈಲ್ವೆಯ ಹೊಣೆಯೂ ಕೆ.ಜಿ. ಲೆಕ್ಕದಲ್ಲಿ ಬಹಳ ಕಡಿಮೆ. ದೆಹಲಿ, ಮುಂಬೈ ಅಂತ ದೂರದಿಂದ ಕಬ್ಬಿಣದ, ಸ್ಟೀಲಿನ ಗಟ್ಟಿ ಸಾಮಾನು ಬರುವುದಿದ್ದರೆ ಅರಸೀಕೆರೆ ಅಥವಾ ಕಡೂರಿನ ಪಾರ್ಸೆಲ್ ಆಫೀಸಿನಲ್ಲಿ ವಿಚಾರಿಸಬಹುದು.

ಒಂದು ಎಚ್ಚರಿಕೆ ಎಲ್ಲ ಗಾಡಿಗಳಿಗೂ ಸೇರಿದ್ದು. ತುಂಬಿದ ಗ್ಯಾಸ್ ಸಿಲಿಂಡರನ್ನು ಸಾಮಾನಿನ ಜೊತೆ ಕಳಿಸಬೇಡಿ. ಊರು ಬದಲಿಸುವವರು ಮನೆಯ 14.2 ಕೆ.ಜಿ. ಸಿಲಿಂಡರನ್ನೂ ರೆಗ್ಯುಲೇಟರನ್ನೂ ಹಳೇ ಏಜೆನ್ಸಿಗೆ ಒಪ್ಪಿಸಿ, ಚೀಟಿ ತಂದು ಹೊಸ ಊರಿನಲ್ಲಿ ಸಂಪರ್ಕ ಪಡೆಯಬೇಕು. ಒಲೆಯ ಪೈಪನ್ನೂ ಬಿಚ್ಚಿಬಿಡಿ, ಅಲ್ಲಿ ಹೊಸದೇ ಹಾಕಿಸಿ.

ಪ್ಯಾಕರ್ಸ್ ಅಂಡ್ ಮೂವರ್ಸ್

ಇಡೀ ಮನೆ ಖಾಲಿ ಮಾಡಿ ಬರುವವರಿಗೆ ಇದು ಅನುಕೂಲ, ಪ್ಯಾಕಿಂಗ್‌ನಿಂದ ಹಿಡಿದು ಮನೆಯೊಳಗೆ ಇಡುವ ತನಕ ಒಬ್ಬರದೇ ಕೈ. ಒಂದೇ ಫ್ರಿಜ್ಜಿಗಾಗಿ ಇವರನ್ನು ಕರೆದರೆ ಅವರು ಅದನ್ನು ಇನ್ಯಾರದೋ ಮನೆ ಸಾಮಾನಿನ ಜೊತೆ ಹಾಕುತ್ತಾರೆ, ಆ ಲೋಡು ತುಂಬುವವರೆಗೂ ಅದು ಅವರ ಗೋಡೌನಿನಲ್ಲೇ ಇರುತ್ತದೆ. ಕೊಟೇಶನ್ನಿನಲ್ಲಿ ಮೂರನೇ ಮಹಡಿಗೆ ಹೊರುವುದು, ಗಾಡಿ ಬಾಗಿಲಿಗೆ ಬಾರದಿದ್ದರೆ ನಡೆದು ಹೊರುವ ದೂರ, ಇನ್ಶೂರೆನ್ಸ್ ಇವು ಒಳಗೊಂಡಿವೆಯೇ ಅಂತ ಬರೆಸಿಕೊಳ್ಳಿ. ಮುಂಗಡವಾಗಿ ಪೂರ್ತಿ ದುಡ್ಡು ಕೇಳುವವರಿಂದ ದೂರ ಇರಿ.

ಕೊಯಮತ್ತೂರಿನಿಂದ ಬರುವ ಗ್ರೈಂಡರು

ಈ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಹೋಟೆಲಿನವರು, ಹೋಂಸ್ಟೇಯವರು ದೊಡ್ಡ ಗ್ರೈಂಡರನ್ನು ಕೊಯಮತ್ತೂರಿನಿಂದಲೇ ತರಿಸಲು ಇಷ್ಟಪಡುತ್ತಾರೆ. ಭೌಗೋಳಿಕ ಸೂಚಿಕೆ ಪಡೆದ ಸರಕು ಅದು, ಕಲ್ಲೂ ಒಳ್ಳೆಯದು, ದರವೂ ಹೊಂದುತ್ತದೆ. ಫೋನಿನಲ್ಲಿ ರೇಟು ಮಾತಾಡುವಾಗ ‘ಎಕ್ಸ್ ಗೋಡೌನ್’ (ಬಾಡಿಗೆ ನಿಮ್ಮದು) ಅಂದರೋ ‘ಎಫ್‌ಓಆರ್ ಹಾಸನ’ (ಹಾಸನದವರೆಗಿನ ಬಾಡಿಗೆ ಅವರದು) ಅಂದರೋ ಗಮನಿಸಿ. ವ್ಯತ್ಯಾಸ ಬರೀ ಬಾಡಿಗೆಯದಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಮಾರಿದವರು ಮಾಲನ್ನು ಸಾಗಣೆದಾರರಿಗೆ ಒಪ್ಪಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಸಾಮಾನ್ಯವಾಗಿ ಅದು ಕೊಂಡವರಿಗೆ ಒಪ್ಪಿಸಿದಂತೆಯೇ ಲೆಕ್ಕ. ಅಂದರೆ ಅಲ್ಲಿನ ಲಾರಿ ಆಫೀಸಿಗೆ ಇಳಿಸಿದ ಕೂಡಲೇ ಅವರ ಜವಾಬ್ದಾರಿ ಮುಗಿಯಿತು, ಸತ್ಯಮಂಗಲ ದಾರಿಯ ದಿಂಬಂ ಘಾಟಿಯ 27 ತಿರುವುಗಳಲ್ಲಿ ಕಲ್ಲು ಸೀಳಿದರೆ ಅದು ನಿಮ್ಮ ಕಲ್ಲು. ನೂರಾರು ರೂಪಾಯಿ ಹೆಚ್ಚಾದರೂ ‘ಎಫ್‌ಓಆರ್ ಹಾಸನ, ದಾರಿಯಲ್ಲಿ ಒಡೆದರೆ ಬದಲಿ ಕೊಡುತ್ತೇವೆ’ ಅಂತ ಬಿಲ್ಲಿನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಬರೆಸಿಕೊಳ್ಳಿ.

ದಿನದ ಲೆಕ್ಕದಲ್ಲೂ ಅವಸರ ಬೇಡ. ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ, ಸತ್ಯಮಂಗಲದ ಕಡೆಯಿಂದಲೂ ರಾತ್ರಿ ಸರಕು ಲಾರಿ ಬಿಡುವುದಿಲ್ಲ. ಹಾಗಾಗಿ ಕೊಯಮತ್ತೂರಿನಿಂದ ‘ರಾತ್ರಿ ಹಾಕಿದರೆ ಬೆಳಿಗ್ಗೆ ಹಾಸನ’ ಅನ್ನುವ ಮಾತನ್ನು ನಂಬಿ ಗೃಹಪ್ರವೇಶದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.

ಗುಂಡುಗಳನ್ನು ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಹಾಕಲು ಮಾರುವವರಿಗೆ ಹೇಳಲೇಬೇಕು. ಗುಂಡು ಡ್ರಮ್ಮಿನೊಳಗೇ ಇದ್ದರೆ ಗಾಡಿ ಕುಲುಕಿದಷ್ಟೂ ಕಲ್ಲಿಗೆ ಕಲ್ಲು ಬಡಿಯುತ್ತದೆ. ಡ್ರಮ್ ಬಗ್ಗಿಸುವ ಹಿಡಿಯನ್ನು ಲಾಕ್ ಮಾಡಿ ತಂತಿ ಸುತ್ತಿರಬೇಕು, ಬೆಲ್ಟು ಬಿಚ್ಚಿರಬೇಕು.

ಬಿಲ್ಲು ಮತ್ತು ಇ-ವೇ ಬಿಲ್ಲು

ಮಾಲಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ, ಬೇಕು. ಅದರ ಅವಧಿ ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ. ಘಾಟಿ ಮುಚ್ಚಿ ಗಾಡಿ ನಿಂತರೆ ಅವಧಿ ಮೀರದಂತೆ ವಿಸ್ತರಿಸಿಕೊಳ್ಳಬೇಕು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ಲಿನಿಂದ ವಿನಾಯಿತಿ ಇದೆ. ಆದರೂ ‘ಇದು ನಮ್ಮ ಮನೆಯ ಬಳಸಿದ ಸಾಮಾನು, ಮಾರಾಟಕ್ಕಲ್ಲ’ ಅಂತ ಪಟ್ಟಿ ಸಹಿತ ಒಂದು ಪತ್ರ ಸಹಿ ಮಾಡಿ ಡ್ರೈವರ್ ಕೈಲಿ ಕೊಡಿ. ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದರೆ ಅವರಿಗೆ ತೋರಿಸಲು ಏನಾದರೂ ಇರಬೇಕು.

ಪ್ಯಾಕಿಂಗ್

ಕಂಪನಿಯ ಪೆಟ್ಟಿಗೆ, ಥರ್ಮಾಕೋಲ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಆದ್ದರಿಂದ ಮನೆ ಬದಲಿಸುವ ಯೋಚನೆ ಇರುವವರು ಅಟ್ಟದ ಮೇಲೆ ಎತ್ತಿಟ್ಟಿರಿ. ಹಳೇ ಫ್ರಿಜ್ಜಾದರೆ ಹಿಂದಿನ ರಾತ್ರಿಯೇ ಸ್ವಿಚ್ ತೆಗೆದು, ಐಸ್ ಕರಗಿಸಿ, ಹಿಂಬದಿಯ ನೀರಿನ ಟ್ರೇ ಖಾಲಿ ಮಾಡಿ, ಒಳಗೆ ಒರೆಸಿ ಒಣಗಿಸಿ. ಗಾಜಿನ ತಟ್ಟೆಗಳನ್ನು ಹೊರತೆಗೆದು ಬೇರೆ ಸುತ್ತಿ. ಬಾಗಿಲಿಗೆ ಕಂದು ಟೇಪ್ ಅಂಟಿಸಬೇಡಿ, ಬಣ್ಣ ಕಿತ್ತು ಬರುತ್ತದೆ; ಸ್ಟ್ರೆಚ್ ಫಿಲ್ಮ್ ಸುತ್ತಿದರೆ ಸಾಕು. ಓವನ್ನಿನ ಗಾಜಿನ ತಿರುಗುತಟ್ಟೆಯನ್ನು ಒಳಗೇ ಬಿಟ್ಟು ಕಳಿಸುವವರು ಈಗಲೂ ಇದ್ದಾರೆ, ದಯವಿಟ್ಟು ತೆಗೆಯಿರಿ.

ಪಾರ್ಸೆಲ್ ಲಾರಿಯಲ್ಲಿ ಬರುವ ಯಾವುದಕ್ಕೂ ಮರದ ಪಟ್ಟಿ ಹೊಡೆಸಲೇಬೇಕು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ರಟ್ಟಿನ ಪೆಟ್ಟಿಗೆ ಗೀರು ತಡೆಯುತ್ತದೆ, ಮೇಲೆ ಬೀಳುವ ಭಾರ ತಡೆಯುವುದು ಮರ. ಇಲ್ಲಿಂದ ಕಳಿಸುವವರಿಗೆ ಒಂದು ಅನುಕೂಲ ಇದೆ: ಕಾಫಿ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್. ಹಗುರ, ಅಗ್ಗ, ಮೊಳೆಯೂ ಸಲೀಸಾಗಿ ಇಳಿಯುತ್ತದೆ. ನಮ್ಮ ಕಡೆಯ ಮರದ ಮಿಲ್ಲುಗಳಲ್ಲಿ ಪಟ್ಟಿ ಸೀಳಿಸಿಕೊಳ್ಳಬಹುದು. ತಳಕ್ಕೆ ಎರಡು ದಪ್ಪ ಅಡ್ಡಪಟ್ಟಿ ಹಾಕಿಸಿ, ಕೈ ತೂರುವಷ್ಟು ಸಂದು ಇರಲಿ. ಹಿಡಿಯಲು ಜಾಗ ಇಲ್ಲದ ಪೆಟ್ಟಿಗೆಯನ್ನೇ ಹಮಾಲರು ಉರುಳಿಸುವುದು. ಅವರನ್ನು ದೂರಿ ಪ್ರಯೋಜನವಿಲ್ಲ, ಬೆರಳಿಗೆ ಆಸರೆ ಕೊಟ್ಟರೆ ಯಾರೂ ಉರುಳಿಸುವುದಿಲ್ಲ. ಮೇಲೆ ಬಾಣದ ಗುರುತು ಬರೆಯಿರಿ, ‘ಮಲಗಿಸಬೇಡಿ’ ಅಂತ ದಪ್ಪಕ್ಷರದಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ ಬರೆಯಿರಿ. ಬೆಂಗಳೂರಿನ ಗೋಡೌನುಗಳಲ್ಲಿ ಹೊರುವವರಲ್ಲಿ ಉತ್ತರದಿಂದ ಬಂದ ಹುಡುಗರು ಬಹಳ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆಗೆ ತರಿಸುವುದಿದ್ದರೆ ರಟ್ಟಿನ ಒಳಗೆ ಒಂದು ಸುತ್ತು ಪ್ಲಾಸ್ಟಿಕ್ ಇರಲೇಬೇಕು. ಮೇಲೆ ಟಾರ್ಪಾಲ್ ಹೊದಿಸಿದರೂ ಮೂಡಿಗೆರೆಯ ಮಳೆ ಪಕ್ಕದಿಂದ ಬರುತ್ತದೆ. ಮಂಗಳೂರು ಕಡೆಯಿಂದ ಬರುವ ಮಾಲಾದರೆ ದಾರಿಯನ್ನೂ ನೋಡಿಕೊಳ್ಳಿ. ಶಿರಾಡಿ ಘಾಟಿ 2018ರಲ್ಲೂ 2024ರಲ್ಲೂ ಭೂಕುಸಿತದಿಂದ ಮುಚ್ಚಿತ್ತು. ಚಾರ್ಮಾಡಿಯಲ್ಲಿ 2019ರ ಕುಸಿತದ ನಂತರ ಭಾರಿ ವಾಹನಗಳಿಗೆ ತಡೆ ಬಿತ್ತು. ಮಳೆ ಜೋರಾದ ವಾರ ಬುಕ್ ಮಾಡುವುದಕ್ಕಿಂತ ಒಂದು ವಾರ ತಡೆಯುವುದೇ ಮೇಲು.

ಕೊನೆಯ ಮೂರು ಕಿಲೋಮೀಟರ್

ತೋಟದ ಮನೆಗಳಿಗೆ ‘ಡೋರ್ ಡೆಲಿವರಿ’ ಅಂತ ದುಡ್ಡು ಕಟ್ಟಿಸಿಕೊಂಡು, ಲಾರಿ ಗೇಟಿನವರೆಗೂ ಬರದೆ ಟಾರ್ ರಸ್ತೆಯಲ್ಲೇ ಇಳಿಸಿ ಹೋದದ್ದನ್ನು ನೋಡಿದ್ದೇನೆ. ಬುಕ್ ಮಾಡುವಾಗಲೇ ದಾರಿಯ ಫೋಟೋ ಕಳಿಸಿ, ಎಲ್ಲಿಯವರೆಗೆ ಬರುತ್ತೀರಿ ಅಂತ ಕೇಳಿ. ಬರಲಾರೆವು ಅಂದರೆ ಗೋಡೌನ್ ಡೆಲಿವರಿಗೇ ಹಾಕಿಸಿ, ತೋಟದ ದಾರಿ ಬಲ್ಲ ಸ್ಥಳೀಯ ಪಿಕಪ್ಪನ್ನು ನೀವೇ ಕಳಿಸಿ.

ಇಳಿಸುವ ಜಾಗ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಇಳಿಜಾರಿನ ಊರು ನಮ್ಮದು, ಅದೇ ಉಪಯೋಗಕ್ಕೆ ಬರುತ್ತದೆ. ಡೆಕ್ಕಿನ ಎತ್ತರಕ್ಕೆ ಸರಿಯಾದ ಒಂದು ದಿಬ್ಬಕ್ಕೆ ಗಾಡಿಯ ಹಿಂಬದಿ ತಾಗಿಸಿ, ಮಧ್ಯೆ ಎರಡು ಗಟ್ಟಿ ಹಲಗೆ ಹಾಕಿದರೆ ಗ್ರೈಂಡರನ್ನು ಎತ್ತುವ ಮಾತೇ ಇಲ್ಲ, ಗೋಣಿಚೀಲದ ಮೇಲೆ ಕೂರಿಸಿ ನಿಧಾನ ಎಳೆದರಾಯಿತು. ಅಡುಗೆಮನೆ ಬಾಗಿಲಿನ ಅಗಲ ಅಳೆದುಕೊಳ್ಳಿ. ಹಳೇ ಮನೆಗಳ ಹೊಸ್ತಿಲು ಎತ್ತರ, ಬಾಗಿಲು ಸಣ್ಣದು. ಸೈಡ್ ಬೈ ಸೈಡ್ ಫ್ರಿಜ್ ಅಂಗಳದಲ್ಲೇ ಉಳಿದರೆ ಗಾಡಿಯವರು ಕಾಯುವುದಿಲ್ಲ.

ಸಹಿ ಹಾಕುವ ಮುನ್ನ

ಗೋಡೌನಿನಲ್ಲೋ ಮನೆಯಲ್ಲೋ ಪೆಟ್ಟಿಗೆಯ ನಾಲ್ಕೂ ಮುಖ ನೋಡಿ, ಫೋಟೋ ತೆಗೆಯಿರಿ. ಜಜ್ಜಿದ ಗುರುತು, ಒದ್ದೆ ಕಲೆ ಕಂಡರೆ ಡೆಲಿವರಿ ಚೀಟಿಯಲ್ಲಿ ‘ಪೆಟ್ಟಿಗೆ ಜಜ್ಜಿದೆ, ತೆರೆದು ನೋಡಿಲ್ಲ’ ಅಂತ ಬರೆದೇ ಸಹಿ ಹಾಕಿ. ‘ಚೆನ್ನಾಗಿದೆ’ ಅಂತ ಸಹಿ ಹಾಕಿದ ಮೇಲೆ ನಿಮ್ಮ ಮಾತಿಗೆ ಬಲ ಇರುವುದಿಲ್ಲ.

ಗ್ರೈಂಡರ್ ಕಲ್ಲಿನ ಕೂದಲೆಳೆ ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ. ಡ್ರಮ್ಮಿನ ಒಳಗೆಲ್ಲ ನೀರು ಸವರಿ, ಐದು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿ. ಕಲ್ಲು ಒಣಗುತ್ತಾ ಬಂದಂತೆ ಬಿರುಕಿನಲ್ಲಿ ಉಳಿದ ನೀರು ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಬೆರಳಿನ ಗೆಣ್ಣಿನಿಂದ ಅಂಚಿಗೆ ತಟ್ಟಿದರೆ ಗಟ್ಟಿ ಕಲ್ಲು ಖಣ್ ಅನ್ನುತ್ತದೆ, ಒಡೆದದ್ದು ಟೊಳ್ಳು ಸದ್ದು ಕೊಡುತ್ತದೆ. ಹಿಟ್ಟು ರುಬ್ಬಿದ ಮೇಲೆ ಕಂಡುಹಿಡಿದರೆ ಅದು ಬಳಸಿದ ಮಾಲಾಗುತ್ತದೆ, ಅದಕ್ಕೇ ಮೊದಲ ದಿನವೇ ನೋಡಿ. ಫ್ರಿಜ್ ನೇರವಾಗಿಯೇ ಬಂದಿದ್ದರೆ ಕೆಲವು ಗಂಟೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಿ. ಮಲಗಿಸಿ ತಂದಿದ್ದಾರೆ ಅನ್ನುವ ಅನುಮಾನ ಬಂದರೆ ಒಂದು ಇಡೀ ದಿನ ನಿಲ್ಲಿಸಿ.

ಒಡೆದಿದ್ದರೆ ಮಾತಿನಲ್ಲಿ ದಿನ ಕಳೆಯಬೇಡಿ. ಸಾಗಣೆದಾರರಿಗೆ ಲಿಖಿತ ನೋಟಿಸ್ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ತಲುಪಬೇಕು, ತಲುಪದಿದ್ದರೆ ದಾವೆ ಹೂಡುವ ಹಕ್ಕೇ ಹೋಗುತ್ತದೆ. ‘ಮುಂದಿನ ವಾರ ಮಾಲೀಕರು ಬರುತ್ತಾರೆ ಸಾರ್’ ಅನ್ನುತ್ತಲೇ ಆರು ತಿಂಗಳು ಕಳೆಸುವುದು ಕಷ್ಟವೇನಲ್ಲ. ಎಲ್‌ಆರ್ ಪ್ರತಿ, ಬಿಲ್, ಫೋಟೋ, ರಿಪೇರಿಯ ಅಂದಾಜು ಜೊತೆಗಿಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮನೆ ಬಳಕೆಗೆ ತರಿಸಿದ್ದಾದರೆ ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ. ಸ್ವಂತ ದುಡಿಮೆಯ ಸಣ್ಣ ಹೋಟೆಲಿನವರಿಗೂ, ಹೊಟ್ಟೆಪಾಡಿನ ಉದ್ಯೋಗ ಅಂತ ತೋರಿಸಿದರೆ, ಆ ಬಾಗಿಲು ಮುಚ್ಚಿಲ್ಲ.